ಮಾಂಟೆಸರಿ ತರಗತಿಯಲ್ಲಿ ಗಣಿತ, ಸಂಸ್ಕೃತಿ: ಯಾವುದು ಮೊದಲು, ಯಾವುದು ಆಮೇಲೆ?

"ನಮ್ಮ ಹುಡುಗ ನೂರರ ತನಕ ಸರಾಗವಾಗಿ ಹೇಳ್ತಾನೆ. ಏಳು ಕಡ್ಲೆಕಾಯಿ ಎಣಿಸಿ ಕೊಡು ಅಂದ್ರೆ ಮಾತ್ರ ಒಂದು ಹಿಡಿ ತಂದುಕೊಡ್ತಾನೆ. ಏನು ಮಾಡೋದು?" ಪೋಷಕರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಊರಲ್ಲಿ ಹೊಸದಾಗಿ ಪುಟ್ಟ ಮಕ್ಕಳ ಶಾಲೆ ತೆರೆದ ಶಿಕ್ಷಕಿಯರು ಇದನ್ನೇ ಇನ್ನೊಂದು ಥರ ಕೇಳುತ್ತಾರೆ: "ಎಣಿಸೋ ಚಿನ್ನದ ಬಣ್ಣದ ಮಣಿ, ಗ್ಲೋಬು, ನಕ್ಷೆ ಎಲ್ಲ ತರಿಸಿದ್ದೇವೆ. ಮಕ್ಕಳು ಎರಡು ನಿಮಿಷ ಚೆಲ್ಲಾಡಿ ಎದ್ದು ಹೋಗ್ತಾರೆ."

ಎರಡು ಕಡೆಯೂ ಆಗಿರುವುದು ಒಂದೇ, ಕ್ರಮ ತಪ್ಪಿದೆ. ಮಾಂಟೆಸರಿ ಪದ್ಧತಿಯಲ್ಲಿ ವಸ್ತು ಮೊದಲು ಮಗುವಿನ ಕೈಗೆ ಬರುತ್ತದೆ, ಅದರ ಹೆಸರು ಜೊತೆಯಲ್ಲೇ ಕಿವಿಗೆ ಬೀಳುತ್ತದೆ. ಬರೆದ ಗುರುತನ್ನು ಬೇರೆಯಾಗಿ, ಆಮೇಲೆ ಕೊಡುತ್ತೇವೆ. ವಸ್ತು ಮತ್ತು ಗುರುತನ್ನು ಕೂಡಿಸುವುದು ಮೂರನೆಯ ಹೆಜ್ಜೆ. ಗಣಿತಕ್ಕೂ ಭೂಗೋಳಕ್ಕೂ ಇದೇ ದಾರಿ. ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಟ್ಟಿಗೆ ಇರುವ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಮನೆಯಲ್ಲಿ ಮಾಡುವವರು ಸಣ್ಣ ಪ್ರಮಾಣದಲ್ಲಿ ಅನುಸರಿಸಬಹುದು. ಶಾಲೆ ನಡೆಸುವವರು ಇದನ್ನು ತರಬೇತಿಗೆ ಬದಲಿ ಎಂದುಕೊಳ್ಳಬೇಡಿ.

ಶುರು ಮಾಡುವ ಮುನ್ನ

ಮಗುವಿನ ಎದೆಮಟ್ಟಕ್ಕಿಂತ ಎತ್ತರವಿಲ್ಲದ ತೆರೆದ ಕಪಾಟು, ನೆಲದ ಮೇಲೆ ಹಾಸಲು ಸುತ್ತಿಡಬಹುದಾದ ಒಂದೇ ಬಣ್ಣದ ಚಾಪೆಗಳು, ತಟ್ಟೆಗಳು ಬೇಕು. ಹೂ-ಬಳ್ಳಿ ಚಿತ್ತಾರದ ಚಾಪೆ ಬೇಡ, ಮೇಲಿಟ್ಟ ವಸ್ತು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಮೆಟೀರಿಯಲ್, ಅಂದರೆ ಮಗು ಕೈಯಲ್ಲಿ ಹಿಡಿದು ಕಲಿಯುವ ವಸ್ತು, ಒಂದೊಂದೇ ಸೆಟ್ ಸಾಕು. ಇನ್ನೊಬ್ಬರು ಮುಗಿಸುವ ತನಕ ಕಾಯುವುದನ್ನೂ ಮಗು ಅಲ್ಲೇ ಕಲಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಅಡ್ಡಿಯಿಲ್ಲದ ಸಮಯ. ಬೆಳಿಗ್ಗೆ ಎರಡೂವರೆ-ಮೂರು ತಾಸು ಬೆಲ್ ಬಾರಿಸದೆ, ಪೀರಿಯಡ್ ಬದಲಿಸದೆ ಬಿಡಿ. ಮೂವತ್ತು ನಿಮಿಷಕ್ಕೊಮ್ಮೆ ಎಬ್ಬಿಸುವ ವೇಳಾಪಟ್ಟಿ ಇಟ್ಟುಕೊಂಡು ಈ ಮೆಟೀರಿಯಲ್‌ಗಳನ್ನು ಕೊಂಡರೆ ದುಡ್ಡು ದಂಡ.

ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾಡಿಕೊಳ್ಳಬೇಕು? ಅಳತೆ ಕೂದಲೆಳೆಯಷ್ಟೂ ತಪ್ಪಬಾರದ ವಸ್ತುಗಳನ್ನು, ಅಂದರೆ ಸಂಖ್ಯಾ ಕೋಲು ಮತ್ತು ಚಿನ್ನದ ಮಣಿಗಳನ್ನು ಕೊಳ್ಳಿ. ಸಂಖ್ಯಾ ಕೋಲುಗಳನ್ನು ಕೈ ನೇರವಾಗಿರುವ ಬಡಗಿಯಿಂದಲೂ ಮಾಡಿಸಬಹುದು. ಎಣಿಕೆಯ ಕಡ್ಡಿ, ಬಿಲ್ಲೆಗಳಿಗೆ ಚನ್ನಪಟ್ಟಣದಲ್ಲಿ ಮರ ಕಡೆಯುವವರನ್ನು ಕೇಳಿ. ಅರಗಿನ ಬಣ್ಣ, ನುಣುಪು ಮೈ, ಚೂಪು ತುದಿಯಿಲ್ಲದ ಕೆಲಸ ಅವರಿಗೆ ಕೈವಶ. ಮರಳು ಕಾಗದದ ಅಂಕಿ, ಕಾರ್ಡು, ಭೂರೂಪದ ತಟ್ಟೆಗಳನ್ನು ನೀವೇ ಮಾಡಿಕೊಳ್ಳಬಹುದು.

ಎಚ್ಚರಿಕೆ: ಎಣಿಸಲು ಬೀಜ ಬಳಸುವುದು ಒಳ್ಳೆಯದೇ, ಆದರೆ ಆರಿಸಿ ಬಳಸಿ. ಗುಲಗಂಜಿ, ಹರಳು ಬೀಜ ಎರಡೂ ವಿಷ. ಹಳೆಯ ಅಳಗುಳಿಮಣೆಯ ಡಬ್ಬಿಯಲ್ಲಿ ಗುಲಗಂಜಿ ಇದ್ದರೆ ತೆಗೆದುಹಾಕಿ, ಹುಣಸೆ ಬೀಜ ತುಂಬಿಸಿ. ಇನ್ನೂ ವಸ್ತುಗಳನ್ನು ಬಾಯಿಗೆ ಹಾಕುವ ಮಗುವಿನ ಕೈಗೆ ಬಿಡಿ ಮಣಿ, ಬೀಜ ಯಾವುದೂ ಸಿಗಬಾರದು.

ಗಣಿತದ ಹಂತಗಳು

1. ಅಂಕಿಗೆ ಮೊದಲು ಕೈ ಪಳಗಲಿ

ಅಕ್ಕಿ ಸುರಿಯುವುದು, ಜಗ್‌ನಿಂದ ನೀರು ಬಗ್ಗಿಸುವುದು, ಬಟ್ಟೆ ಮಡಿಸುವುದು, ಚಾಪೆ ಸುತ್ತುವುದು. ಇವುಗಳಲ್ಲಿ ಗಣಿತವೇನಿದೆ ಎಂದು ಕೇಳುವವರಿದ್ದಾರೆ. ಒಂದು ಕೆಲಸಕ್ಕೆ ಆರಂಭ, ಕ್ರಮ, ಮುಕ್ತಾಯ ಇದೆ ಎನ್ನುವುದು ಮೈಗೆ ಹತ್ತುವುದು ಇಲ್ಲೇ. ಆಮೇಲೆ ಇಂದ್ರಿಯಗಳ ಮೆಟೀರಿಯಲ್ ಬರುತ್ತದೆ. ಗುಲಾಬಿ ಗೋಪುರದಲ್ಲಿ 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಹತ್ತು ಘನಗಳಿವೆ. ಕೆಂಪು ಕೋಲುಗಳೂ ಹತ್ತು, 10 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ಹತ್ತು ಎಂಬ ಪದ ಕೇಳುವ ಮೊದಲೇ ಮಗು ಹತ್ತನ್ನು ದಿನಾ ಹೊತ್ತು ತಿರುಗಿರುತ್ತದೆ.

ಈ ಹಂತವನ್ನು ಹಾರಿಸಿದರೆ ಮುಂದೆ ಪ್ರತಿ ಹೆಜ್ಜೆಯೂ ಕುಂಟುತ್ತದೆ. ಮೂರು ವರ್ಷ ತುಂಬಿದ ಮಗುವನ್ನು ಶಾಲೆಗೆ ಸೇರಿದ ವಾರವೇ ಅಂಕಿಯ ಮುಂದೆ ಕೂರಿಸಬೇಡಿ.

2. ಸಂಖ್ಯಾ ಕೋಲುಗಳು

ಕೆಂಪು ಕೋಲುಗಳಷ್ಟೇ ಉದ್ದದ ಹತ್ತು ಕೋಲುಗಳು. ಇವುಗಳ ಮೈಮೇಲೆ ಪ್ರತಿ 10 ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ ಒಂದಾದ ಮೇಲೊಂದು ಇರುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಕೊಡುತ್ತೇವೆ. ಬಿಡಿ ಬೀಜಗಳನ್ನು ಬಿಟ್ಟು ಕೋಲಿನಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ: ಐದು ಬೀಜ ಮಗುವಿನ ಕಣ್ಣಿಗೆ ಐದು ಬೇರೆ ಬೇರೆ ವಸ್ತುಗಳು. ಐದರ ಕೋಲು ಮಾತ್ರ ಕೈಯಲ್ಲಿ ಹಿಡಿಯಬಹುದಾದ ಒಂದೇ 'ಐದು'. ನಾಲ್ಕಕ್ಕಿಂತ ಉದ್ದ, ಆರಕ್ಕಿಂತ ಗಿಡ್ಡ.

ಮೊದಲ ದಿನ ಮೂರೇ ಕೋಲು. ಮಗುವಿನ ಎಡಗಡೆ ಎಲ್ಲ ಕೋಲುಗಳ ಕೆಂಪು ತುದಿ ಒಂದೇ ಗೆರೆಗೆ ಬರುವಂತೆ ಇಡಿ. ಮೊದಲ ಕೋಲನ್ನು ಮುಟ್ಟಿ "ಒಂದು" ಎನ್ನಿ. ಎರಡನೆಯದರ ಪ್ರತಿ ಭಾಗವನ್ನೂ ಅಂಗೈಯಿಂದ ಮುಟ್ಟುತ್ತ "ಒಂದು, ಎರಡು", ಆಮೇಲೆ ಇಡೀ ಕೋಲನ್ನು ಸವರಿ "ಇದು ಎರಡು". ಮೂರಕ್ಕೂ ಹಾಗೆಯೇ. ನಂತರ ಮೂರು ಘಟ್ಟದ ಪಾಠ ಮಾಡಿ. ಈ ಮಾತು ಮುಂದೆಯೂ ಬರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಘಟ್ಟದಲ್ಲಿ ನೀವು ಹೆಸರು ಹೇಳುತ್ತೀರಿ: "ಇದು ಮೂರು." ಎರಡನೆಯದರಲ್ಲಿ ಮಗು ಗುರುತಿಸುತ್ತದೆ: "ಮೂರನ್ನು ಕಿಟಕಿ ಹತ್ತಿರ ಇಟ್ಟು ಬಾ." "ಒಂದನ್ನು ನನ್ನ ಕೈಗೆ ಕೊಡು." ಮೂರನೆಯದರಲ್ಲಿ ಮಾತ್ರ ಕೇಳುತ್ತೀರಿ: "ಇದು ಎಷ್ಟು?"

ಬಹುತೇಕರು ಎಡವುವುದು ಎರಡನೆಯ ಘಟ್ಟದಲ್ಲಿ. ಅದನ್ನು ಅರ್ಧ ನಿಮಿಷಕ್ಕೆ ಮುಗಿಸಿ "ಇದು ಎಷ್ಟು, ಇದು ಎಷ್ಟು" ಎಂದು ಪರೀಕ್ಷೆಗೆ ಇಳಿಯುತ್ತಾರೆ. ಪಾಠ ಇರುವುದೇ ಎರಡನೆಯ ಘಟ್ಟದಲ್ಲಿ. ಎತ್ತಿ ತರುವುದು, ಅಡಗಿಸುವುದು, ಬೇರೆ ಕಡೆ ಇಟ್ಟು ಬರುವುದು ಹೀಗೆ ಎಷ್ಟು ಹೊತ್ತು ಬೇಕಾದರೂ ಎಳೆಯಿರಿ. ಮಗು ತಪ್ಪು ಕೋಲು ತಂದರೆ "ಅಲ್ಲ" ಎನ್ನಬೇಡಿ. "ನೀನು ಎರಡನ್ನು ತಂದೆ. ಬಾ, ಎಣಿಸೋಣ" ಎಂದು ಮೊದಲ ಘಟ್ಟಕ್ಕೆ ಮರಳಿ, ಇಲ್ಲವೇ ನಗುತ್ತಲೇ ಆ ದಿನಕ್ಕೆ ನಿಲ್ಲಿಸಿ.

ಕೋಲುಗಳನ್ನು ಒಂದೊಂದಾಗಿ, ಎರಡೂ ತುದಿ ಹಿಡಿದು ತರಲಿ. ಮೀಟರ್ ಕೋಲಿಗೆ ತೋಳು ಪೂರ್ತಿ ಚಾಚಬೇಕಾಗುತ್ತದೆ. ಹತ್ತು ದೊಡ್ಡದು ಎನ್ನುವುದು ತೋಳಿಗೇ ಗೊತ್ತಾಗುತ್ತದೆ. ಹೊತ್ತು ಉಳಿಸಲು ನೀವೇ ಎಲ್ಲವನ್ನೂ ಅಪ್ಪಿಕೊಂಡು ತಂದಿಟ್ಟರೆ ಆ ಅನುಭವ ಹೋಯಿತು.

3. ಮರಳು ಕಾಗದದ ಅಂಕಿಗಳು

ನುಣುಪಾದ ಹಲಗೆಯ ಮೇಲೆ ಒರಟು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಂಕಿಗಳು. ತೋರುಬೆರಳು, ನಡುಬೆರಳು ಸೇರಿಸಿ, ಬರೆಯುವ ದಿಕ್ಕಿನಲ್ಲೇ ತೀಡಿ ಹೆಸರು ಹೇಳಬೇಕು. ಕೋಲಿನ ಕೆಲಸ ನಡೆಯುತ್ತಿರುವಾಗಲೇ ಬೇರೆ ಹೊತ್ತಿನಲ್ಲಿ ಇದನ್ನು ಕೊಡಬಹುದು. ಎರಡನ್ನೂ ಒಂದೇ ಚಾಪೆಗೆ ಮಾತ್ರ ಇನ್ನೂ ತರಬೇಡಿ. ಒಂದು ಸಲಕ್ಕೆ ಎರಡು ಮೂರು ಅಂಕಿ, ನೋಡಲು ಒಂದನ್ನೊಂದು ಹೋಲದಂಥವು. 6 ಮತ್ತು 9 ಒಟ್ಟಿಗೆ ಬೇಡವೇ ಬೇಡ.

ಮನೆಯಲ್ಲಿ ಮಾಡುವವರಿಗೆ: ಮರಳು ಕಾಗದದ ಹಿಂಬದಿಯಲ್ಲಿ ಅಂಕಿ ಬರೆದು ಕತ್ತರಿಸುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವಿ ಬರೆಯಿರಿ. ಇಲ್ಲವಾದರೆ ತಿರುಗಿಸಿದಾಗ 2, 3, 7 ಎಲ್ಲ ಉಲ್ಟಾ. ನಯವಾದ ದರ್ಜೆಯ ಕಾಗದವೇ ಇರಲಿ. ಗೋಡೆ ಉಜ್ಜುವ ದಪ್ಪ ಕಾಗದದಲ್ಲಿ ಬೆರಳು ಉರಿಯುತ್ತದೆ, ಮಗು ಮತ್ತೆ ಆ ಕಡೆ ಬರುವುದಿಲ್ಲ.

"ಕನ್ನಡ ಅಂಕಿಯೋ, 1-2-3 ಅಂಕಿಯೋ?" ಎಂದು ಬಹಳ ಮಂದಿ ಕೇಳುತ್ತಾರೆ. ಎರಡೂ ಬರಲಿ, ಒಟ್ಟಿಗೆ ಬೇಡ. ಮೊದಲು ಒಂದು ಸೆಟ್ ಗಟ್ಟಿಯಾಗಲಿ. ಅದು ಹತ್ತರ ತನಕ ಕೋಲುಗಳ ಜೊತೆ ಕೂಡಿದ ಮೇಲೆ ೧, ೨, ೩ ಸೆಟ್ ಕಪಾಟಿಗೆ ಬರಲಿ. ಬಸ್ಸಿನ ಹಣೆಪಟ್ಟಿಯಲ್ಲಿ, ಕ್ಯಾಲೆಂಡರಿನಲ್ಲಿ ಕನ್ನಡ ಅಂಕಿ ಕಂಡು ಮಗು ಕೂಗಿ ಹೇಳುವಾಗ ನಿಮಗೂ ಖುಷಿಯಾಗುತ್ತದೆ. ಬಾಯಲ್ಲಿ ಹೇಳುವ ಭಾಷೆಯೂ ಅಷ್ಟೇ: ತರಗತಿಯಲ್ಲಿ "ಇಲೆವೆನ್", ಅಜ್ಜಿಯ ಬಾಯಲ್ಲಿ "ಹನ್ನೊಂದು" ಇದ್ದರೆ ತೊಂದರೆಯಿಲ್ಲ. ಒಂದೇ ಪಾಠದ ಒಳಗೆ ಎರಡನ್ನೂ ಕಲಸಿದರೆ ತೊಂದರೆ.

4. ಕೂಡಿಸುವ ಹೊತ್ತು: ಕಡ್ಡಿ ಪೆಟ್ಟಿಗೆ, ಸೊನ್ನೆ, ಬಿಲ್ಲೆಗಳು

ಕೋಲಿನ ಪಕ್ಕ ಅಂಕಿಯ ಕಾರ್ಡು ಇಡುವುದರಿಂದ ಶುರು. ಅದು ಸಲೀಸಾದ ಮೇಲೆ ಸ್ಪಿಂಡಲ್ ಪೆಟ್ಟಿಗೆ, ಅಂದರೆ 0ಯಿಂದ 9ರವರೆಗೆ ಬರೆದ ಹತ್ತು ಖಾನೆಗಳು ಮತ್ತು 45 ಕಡ್ಡಿಗಳು. ಇಲ್ಲಿ ಅಂಕಿ ಮೊದಲೇ ನಿಂತಿದೆ, ಅಷ್ಟು ಕಡ್ಡಿಗಳನ್ನು ಮಗು ಎಣಿಸಿ ಹಾಕಬೇಕು. ಎಣಿಸಿದ ಕಂತೆಗೆ ರಿಬ್ಬನ್ ಕಟ್ಟಿದರೆ ಬಿಡಿಬಿಡಿಯಾಗಿದ್ದದ್ದು ಒಂದು ಸಂಖ್ಯೆಯಾಗುತ್ತದೆ. ಎಲ್ಲೋ ತಪ್ಪು ಎಣಿಸಿದ್ದರೆ ಕೊನೆಗೆ ಕಡ್ಡಿ ಮಿಗುತ್ತದೆ ಇಲ್ಲವೇ ಸಾಲುವುದಿಲ್ಲ. ತಪ್ಪನ್ನು ವಸ್ತುವೇ ಹೇಳುತ್ತದೆ, ನೀವು ಬಾಯಿ ಹಾಕಬೇಕಿಲ್ಲ. ಮಾಂಟೆಸರಿ ಮಾತಿನಲ್ಲಿ ಇದಕ್ಕೆ ತಪ್ಪಿನ ನಿಯಂತ್ರಣ ಎನ್ನುತ್ತಾರೆ. ಹಾಗಾಗಿಯೇ ಪ್ರತಿ ಸಂಜೆ ಕಡ್ಡಿಗಳನ್ನು ಎಣಿಸಿಡಿ. 44 ಕಡ್ಡಿಗಳ ಪೆಟ್ಟಿಗೆ ಸರಿಯಾಗಿ ಎಣಿಸಿದ ಮಗುವಿಗೂ 'ನೀನು ತಪ್ಪಿದೆ' ಎಂದು ಸುಳ್ಳು ಹೇಳುತ್ತದೆ.

ಸೊನ್ನೆಯ ಖಾನೆ ಖಾಲಿ. "ಇಲ್ಲಿ ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಸೊನ್ನೆ ಅಂತೀವಿ." ಆಮೇಲೆ ಆಟ: "ಮೂರು ಸಲ ಕುಪ್ಪಳಿಸು. ಎರಡು ಸಲ ಚಪ್ಪಾಳೆ ತಟ್ಟು. ಸೊನ್ನೆ ಸಲ ನನ್ನ ಹತ್ತಿರ ಬಾ." ಕೆಲವು ಮಕ್ಕಳು ಓಡಿಬರುತ್ತಾರೆ, ಅರ್ಧ ದಾರಿಯಲ್ಲಿ ತಾವೇ ನಿಲ್ಲುತ್ತಾರೆ. ಆ ನಿಲ್ಲುವಿಕೆಗಾಗಿ ಕಾಯಿರಿ, ತಿದ್ದಬೇಡಿ.

ಆಮೇಲೆ 1ರಿಂದ 10ರವರೆಗಿನ ಕಾರ್ಡುಗಳು, 55 ಬಿಲ್ಲೆಗಳು. ಕಾರ್ಡುಗಳನ್ನು ಜೋಡಿಸುವುದೂ ಈಗ ಮಗುವಿನದೇ ಕೆಲಸ. ಪ್ರತಿ ಅಂಕಿಯ ಕೆಳಗೆ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಒಂಟಿ ಉಳಿದರೆ ನಡುವೆ ಇಡಬೇಕು. ಬೆರಳನ್ನು ಜೋಡಿಗಳ ನಡುವೆ ಎಳೆಯಿರಿ. ಸಮಸಂಖ್ಯೆಯಲ್ಲಿ ಬೆರಳು ಆಚೆ ಹೋಗುತ್ತದೆ, ಬೆಸಸಂಖ್ಯೆಯಲ್ಲಿ ಒಂಟಿ ಬಿಲ್ಲೆಗೆ ತಗುಲಿ ನಿಲ್ಲುತ್ತದೆ. ಸಮ-ಬೆಸಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಈ ವಯಸ್ಸಿಗೆ ಬೇಡ.

5. ಚಿನ್ನದ ಮಣಿಗಳು

ಇಡೀ ಗಣಿತದ ಕಪಾಟಿನಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಒಂದು ಬಿಡಿ ಮಣಿ, ಹತ್ತು ಮಣಿ ಪೋಣಿಸಿದ ಒಂದು ಕಡ್ಡಿ, ಅಂಥ ಹತ್ತು ಕಡ್ಡಿ ಸೇರಿದ ನೂರರ ಚೌಕ, ಅಂಥ ಹತ್ತು ಚೌಕ ಸೇರಿದ ಸಾವಿರದ ಘನ. ಸುಮಾರು ನಾಲ್ಕೂವರೆ ವರ್ಷದ ಮಗುವಿಗೆ ಸಾವಿರವೇ ಎಂದು ಬೆರಗಾಗುವ ದೊಡ್ಡವರು ಒಮ್ಮೆ ಮಗುವಿನ ಕೈ ನೋಡಬೇಕು. ಬಿಡಿ ಮಣಿ ಎರಡು ಬೆರಳ ತುದಿಯಲ್ಲಿ ನಿಲ್ಲುತ್ತದೆ. ಕಡ್ಡಿ ಅಂಗೈಯ ಮೇಲೆ ಮಲಗುತ್ತದೆ. ಚೌಕ ಅಂಗೈ ತುಂಬುತ್ತದೆ. ಘನಕ್ಕೆ ಎರಡೂ ಕೈ ಬೇಕು, ತೂಕಕ್ಕೆ ಮೊಣಕೈ ತಗ್ಗುತ್ತದೆ. ನಾವು ಸ್ಲೇಟಿನಲ್ಲಿ ಸೊನ್ನೆ ಸೇರಿಸುತ್ತ ಕಲಿತ ಸ್ಥಾನಬೆಲೆಯನ್ನು ಮಗು ಇಲ್ಲಿ ಭಾರವಾಗಿ ಅರಿಯುತ್ತದೆ.

ಹೀಗೆ ಮುಂದುವರಿಯಿರಿ:

ಮೊದಲ ಪಾಠ: ನಾಲ್ಕನ್ನೂ ತಟ್ಟೆಯಲ್ಲಿ ತನ್ನಿ. ಮಗುವಿನ ಬಲಗಡೆ ಬಿಡಿ, ಅಲ್ಲಿಂದ ಎಡಕ್ಕೆ ಹತ್ತು, ನೂರು, ಸಾವಿರ. ಮೂರು ಘಟ್ಟದ ಪಾಠದಿಂದ ಹೆಸರು ಕೊಡಿ. ಹತ್ತು ಬಿಡಿ ಮಣಿಗಳನ್ನು ಎಣಿಸಿ ಕಡ್ಡಿಯ ಪಕ್ಕ ಇಟ್ಟು ತೋರಿಸಿ, ಕಡ್ಡಿಗಳನ್ನು ಎಣಿಸುತ್ತ ಚೌಕದ ಮೇಲೆ, ಚೌಕಗಳನ್ನು ಘನದ ಎತ್ತರಕ್ಕೆ ಪೇರಿಸಿ. ಎಲ್ಲ ಸಲವೂ ಹತ್ತೇ ಸಾಕಾಗುವುದನ್ನು ಮಗು ತಾನೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಿಬಿಡಬೇಡಿ.

ಎರಡನೆಯದು ಕಾರ್ಡು: 1 ಹಸಿರು, 10 ನೀಲಿ, 100 ಕೆಂಪು, 1000 ಮತ್ತೆ ಹಸಿರು. ಅಗಲವೂ ಕ್ರಮವಾಗಿ ಹೆಚ್ಚುತ್ತದೆ.

ಮೂರನೆಯದು ತರುವ ಆಟ: ತಟ್ಟೆಯಲ್ಲಿ ಕಾರ್ಡು ಇಟ್ಟು "ನಾಲ್ಕು ಹತ್ತುಗಳನ್ನು ತಾ", "ಎರಡು ನೂರುಗಳನ್ನು ತಾ" ಎಂದು ಮಣಿಗಳ ಮೂಲೆಗೆ ಕಳಿಸಿ. ಮಣಿಗಳ ಮೂಲೆ ಚಾಪೆಯಿಂದ ದೂರವಿರಲಿ. ಅಷ್ಟು ದೂರ ಸಂಖ್ಯೆಯನ್ನು ನೆನಪಿನಲ್ಲಿ ಹೊತ್ತೊಯ್ಯುವುದೂ ಕಲಿಕೆಯೇ. 1000, 200, 40, 3 ಎಂಬ ನಾಲ್ಕು ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು ಬಲಕ್ಕೆ ಸರಿಸಿದಾಗ 1243 ಮೂಡುತ್ತದೆ, ಸೊನ್ನೆಗಳೆಲ್ಲ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಮಗು ಆ ಕಾರ್ಡುಗಳನ್ನು ಬಿಡಿಸಿ ಮತ್ತೆ ಮುಚ್ಚಿ ನೋಡುತ್ತಲೇ ಇರುತ್ತದೆ. ನೋಡಲಿ ಬಿಡಿ. "ಇನ್ನೂರು", "ಮುನ್ನೂರು", "ಐನೂರು" ಎನ್ನುವ ರೂಪಗಳನ್ನು "ಎರಡು ನೂರು", "ಮೂರು ನೂರು" ಗಟ್ಟಿಯಾದ ಮೇಲೆ ಕೊಡಿ.

ನಾಲ್ಕನೆಯದು ಬದಲಾಯಿಸುವ ಆಟ. ಒಬ್ಬರು ಬ್ಯಾಂಕ್ ಆಗುತ್ತಾರೆ. ಹತ್ತು ಬಿಡಿ ಆದ ಕೂಡಲೇ ಬ್ಯಾಂಕಿಗೆ ಕೊಟ್ಟು ಒಂದು ಕಡ್ಡಿ ತರಬೇಕು. ಇದು ಪಳಗಿದ ಮೇಲೆ ಇಬ್ಬರು ಮಕ್ಕಳು ತಮ್ಮ ತಮ್ಮ ತಟ್ಟೆಯ ಮಣಿಗಳನ್ನು ಒಂದೇ ಬಟ್ಟೆಗೆ ಸುರಿಯುತ್ತಾರೆ. ಕೂಡುವುದೆಂದರೆ ಇಷ್ಟೇ. 'ದಶಕ' ಎಂಬ ಪದವೇ ಕೇಳಿರದ ಮಗು ಹತ್ತು ಬಿಡಿಗಳನ್ನು ಬ್ಯಾಂಕಿಗೆ ಹೊತ್ತೊಯ್ದು ಕಡ್ಡಿ ತರುವಾಗ ದಶಕವನ್ನೇ ಮಾಡುತ್ತಿರುತ್ತದೆ.

ಇಲ್ಲಿ ಆಗುವ ತಪ್ಪುಗಳು: ಬೆಲೆ ಕಡಿಮೆ ಎಂದು ಮಣಿಯ ಚಿತ್ರ ಅಚ್ಚು ಮಾಡಿದ ರಟ್ಟಿನಿಂದ ಮೊದಲ ಪಾಠ ಕೊಡುವುದು (ರಟ್ಟಿಗೆ ತೂಕವಿಲ್ಲ, ಪಾಠವೇ ತೂಕದಲ್ಲಿದೆ), ಮೊದಲ ವಾರವೇ ಕೂಡುವುದು-ಕಳೆಯುವುದಕ್ಕೆ ಹೋಗುವುದು, ಆರು ಮಕ್ಕಳಿಗೆ ಒಟ್ಟಿಗೆ ತೋರಿಸುವುದು. ಹೆಸರು ಹೇಳುವ ಪಾಠ ಒಬ್ಬರಿಗೆ ಅಥವಾ ಇಬ್ಬರಿಗೆ. ಬ್ಯಾಂಕ್ ಆಟಕ್ಕೆ ಮೂವರು ನಾಲ್ವರು ಇದ್ದರೆ ಚೆನ್ನ.

6. ಹನ್ನೊಂದರಿಂದ ಮುಂದಕ್ಕೆ

ಚಿನ್ನದ ಮಣಿಯ ಜೊತೆಜೊತೆಗೇ ಇದು ಸಾಗುತ್ತದೆ. 1ರಿಂದ 9ರವರೆಗಿನ ಬಣ್ಣದ ಮಣಿ ಕಡ್ಡಿಗಳು (ಒಂದು ಕೆಂಪು, ಎರಡು ಹಸಿರು, ಮೂರು ಗುಲಾಬಿ, ನಾಲ್ಕು ಹಳದಿ, ಹೀಗೆ) ಮತ್ತು ಸೆಗ್ವಿನ್ ಬೋರ್ಡು. ಬೋರ್ಡಿನಲ್ಲಿ 10 ಎಂದು ಒಂಬತ್ತು ಸಲ ಬರೆದಿರುತ್ತದೆ. ಸೊನ್ನೆಯ ಮೇಲೆ 1ರ ಪಟ್ಟಿ ಜಾರಿಸಿದರೆ 11. ಪಕ್ಕದಲ್ಲಿ ಒಂದು ಚಿನ್ನದ ಕಡ್ಡಿ, ಒಂದು ಕೆಂಪು ಮಣಿ. "ಹತ್ತು ಮತ್ತು ಒಂದು, ಹನ್ನೊಂದು." ಹತ್ತು, ಇಪ್ಪತ್ತರಿಂದ ತೊಂಬತ್ತರ ತನಕ ಎರಡನೆಯ ಬೋರ್ಡು.

ಇಪ್ಪತ್ತೊಂಬತ್ತಾದ ಮೇಲೆ ಮಕ್ಕಳು "ಇಪ್ಪತ್ತಹತ್ತು" ಎನ್ನುವುದು ಸಾಮಾನ್ಯ. ತಿದ್ದುವ ಬದಲು ಒಂದು ಬಿಡಿ ಮಣಿ ಸೇರಿಸಿ, ಹತ್ತು ಬಿಡಿಗಳನ್ನು ಕಡ್ಡಿಗೆ ಬದಲಾಯಿಸಲು ಹೇಳಿ. ಮೂರು ಕಡ್ಡಿ ಕಂಡ ಮೇಲೆ ಮೂವತ್ತು ತಾನಾಗಿ ಬರುತ್ತದೆ. ನೂರರ ಹಲಗೆ, ಕೂಡುವ ಪಟ್ಟಿಗಳು ಐದು ವರ್ಷದ ನಂತರದ ಮಾತು. ಅವಸರ ಬೇಡ.

ಸಂಸ್ಕೃತಿಯ ಹಂತಗಳು

ಮಾಂಟೆಸರಿ ತರಗತಿಯಲ್ಲಿ 'ಸಂಸ್ಕೃತಿ' ಅಥವಾ 'ಕಲ್ಚರ್' ಎಂದರೆ ಭೂಗೋಳ, ಕಾಲ, ಗಿಡ-ಮರ, ಪ್ರಾಣಿ-ಪಕ್ಷಿ, ಸಂಗೀತ, ಚಿತ್ರ ಎಲ್ಲ ಸೇರಿದ ಕಪಾಟು. ವಾರ್ಷಿಕೋತ್ಸವದ ಕುಣಿತಕ್ಕೆ ಸೀಮಿತವಲ್ಲ. ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. ಯುದ್ಧದಿಂದಾಗಿ 1946ರ ತನಕ ಭಾರತದಲ್ಲೇ ಉಳಿದರು. ಕೊಡೈಕನಾಲಿನಲ್ಲಿ ಮಕ್ಕಳ ಜೊತೆ ಗಿಡ, ಹೊಳೆ, ಹುಳುಗಳ ನಡುವೆ ಮಾಡಿದ ಕೆಲಸದಿಂದ ಈ ಭಾಗ ಬಹಳ ಬೆಳೆಯಿತು. ಬೇರೆಲ್ಲಿಂದಲೋ ಬಂದ ಪದ್ಧತಿ ಎಂದು ಹಿಂಜರಿಯುವವರಿಗೆ ಈ ಸಂಗತಿ ಹೇಳಿ.

7. ಭೂಮಿ: ಮೊದಲು ಬೆರಳಿಗೆ

ಮೊದಲ ಗ್ಲೋಬಿನಲ್ಲಿ ದೇಶಗಳ ಹೆಸರಿಲ್ಲ. ನೆಲ ಒರಟು, ನೀರು ನುಣುಪು, ಅಷ್ಟೇ. ಮಗು ಕಣ್ಣು ಮುಚ್ಚಿ ಸವರಲಿ: "ಇದು ನೆಲ, ಇದು ನೀರು." ಎರಡನೆಯದು ಬಣ್ಣದ ಗ್ಲೋಬು: ಏಷ್ಯಾ ಹಳದಿ, ಆಫ್ರಿಕಾ ಹಸಿರು, ಯುರೋಪ್ ಕೆಂಪು, ಉತ್ತರ ಅಮೆರಿಕ ಕಿತ್ತಳೆ, ದಕ್ಷಿಣ ಅಮೆರಿಕ ಗುಲಾಬಿ, ಆಸ್ಟ್ರೇಲಿಯಾ ಕಂದು, ಅಂಟಾರ್ಕ್ಟಿಕಾ ಬಿಳಿ. ಆಮೇಲೆ ಇದೇ ಬಣ್ಣಗಳ ಖಂಡಗಳ ಒಗಟು ನಕ್ಷೆ, ಅಂದರೆ ತುಂಡುಗಳನ್ನು ಎತ್ತಿ ಜೋಡಿಸುವ ನಕ್ಷೆ. ಚಿತ್ರದ ಪೆಟ್ಟಿಗೆಗಳಿಗೂ ಇದೇ ಬಣ್ಣ ಇರಲಿ. ಗೋಡೆಯ ಮೇಲೆ ಬೇರೆ ಬಣ್ಣದ ನಕ್ಷೆ ತೂಗುಹಾಕಿದ್ದರೆ ತೆಗೆದಿಡಿ.

ಖಂಡಗಳ ಚಿತ್ರ ಪೆಟ್ಟಿಗೆಯಲ್ಲಿ ಏನಿಡುತ್ತೀರಿ ಎನ್ನುವುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆಫ್ರಿಕಾ ಎಂದರೆ ಸಿಂಹ ಮತ್ತು ಗರಿ ತೊಟ್ಟವರು, ಯುರೋಪ್ ಎಂದರೆ ಎತ್ತರದ ಕಟ್ಟಡ ಎಂಬ ಪೆಟ್ಟಿಗೆ ಇಡಬೇಡಿ. ನೈರೋಬಿಯ ಬೀದಿಯಲ್ಲಿ ಶಾಲೆಗೆ ಹೊರಟ ಮಕ್ಕಳು, ಊಟದ ತಟ್ಟೆ, ಮನೆ, ಬಸ್ಸು, ಅಮ್ಮನ ಬೆನ್ನಿಗೆ ಕಟ್ಟಿದ ಪಾಪು, ಇಂಥ ಚಿತ್ರಗಳು ಎಲ್ಲ ಖಂಡಗಳ ಪೆಟ್ಟಿಗೆಯಲ್ಲೂ ಸಮನಾಗಿರಲಿ. ಐದು ವರ್ಷದೊಳಗೆ ಕೂತ ಚಿತ್ರ ಬಹಳ ಕಾಲ ಉಳಿಯುತ್ತದೆ.

8. ನೆಲ-ನೀರಿನ ರೂಪಗಳು

ಇದಕ್ಕೆ ಖರ್ಚಿಲ್ಲ. ಅಂಚಿರುವ ಎರಡು ಒಂದೇ ಥರದ ತಟ್ಟೆ, ಕುಂಬಾರರ ಜೇಡಿಮಣ್ಣು, ಸಣ್ಣ ಜಗ್ ನೀರು, ಒರೆಸುವ ಬಟ್ಟೆ. ಒಂದು ತಟ್ಟೆಯ ನಡುವೆ ಮಣ್ಣಿನ ಗುಡ್ಡೆ, ಇನ್ನೊಂದರ ತುಂಬ ಮಣ್ಣು, ನಡುವೆ ಅದೇ ಆಕಾರದ ಗುಂಡಿ. ಎರಡಕ್ಕೂ ಮಗು ನೀರು ಹೊಯ್ಯುತ್ತದೆ. ಸುತ್ತ ನೀರು, ನಡುವೆ ನೆಲ: ದ್ವೀಪ. ಸುತ್ತ ನೆಲ, ನಡುವೆ ನೀರು: ಸರೋವರ. ಹೀಗೇ ಪರ್ಯಾಯ ದ್ವೀಪ-ಕೊಲ್ಲಿ, ಭೂಸಂಧಿ-ಜಲಸಂಧಿ. ಭೂಸಂಧಿ ಎಂದರೆ ಎರಡು ದೊಡ್ಡ ನೆಲಗಳನ್ನು ಕೂಡಿಸುವ ಇಕ್ಕಟ್ಟಾದ ನೆಲ, ಜಲಸಂಧಿ ಎಂದರೆ ಎರಡು ನೆಲಗಳ ನಡುವಿನ ಇಕ್ಕಟ್ಟಾದ ನೀರು.

ರೂಪ ಕೈಗೆ ಬಂದ ಮೇಲೆ ಉದಾಹರಣೆ. ದ್ವೀಪಕ್ಕೆ ಮಲ್ಪೆಯ ಆಚೆಯ ಸೇಂಟ್ ಮೇರೀಸ್, ಕಾವೇರಿಯ ನಡುವಿನ ಶ್ರೀರಂಗಪಟ್ಟಣ. ಪರ್ಯಾಯ ದ್ವೀಪಕ್ಕೆ ನಾವು ನಿಂತಿರುವ ದಕ್ಷಿಣ ಭಾರತವೇ. ತಮಿಳುನಾಡು ಮತ್ತು ಶ್ರೀಲಂಕಾ ನಡುವೆ ಪಾಕ್ ಜಲಸಂಧಿ. ಭೂಸಂಧಿಗೆ ಪನಾಮ: ಒಗಟು ನಕ್ಷೆಯಲ್ಲಿ ಕಿತ್ತಳೆ ಮತ್ತು ಗುಲಾಬಿ ತುಂಡುಗಳು ತಾಗುವ ಜಾಗವನ್ನು ಮಗು ಈಗಾಗಲೇ ಬೆರಳಿಟ್ಟು ಬಲ್ಲದು.

ತಪ್ಪಿಸಬೇಕಾದದ್ದು: ಮೂರು ಜೋಡಿಯನ್ನೂ ಒಂದೇ ದಿನ ಕೊಡುವುದು. ಒಂದು ವಾರಕ್ಕೆ ಒಂದು ಜೋಡಿ ಧಾರಾಳ. ನೀರು ಚೆಲ್ಲಿದರೆ ಬಟ್ಟೆ ಪಕ್ಕದಲ್ಲಿದೆ, ಒರೆಸುವುದು ಮಗುವಿನ ಕೆಲಸವೇ.

9. ನಕ್ಷೆ: ಏಷ್ಯಾ, ಭಾರತ, ಕರ್ನಾಟಕ

ಪ್ರಪಂಚದಿಂದ ಒಳಕ್ಕೆ ಬರುವುದು ಮಾಂಟೆಸರಿ ಕ್ರಮ. ಅದರ ಜೊತೆಗೇ ನಮ್ಮ ಹತ್ತಿರದ ಜಾಗದಿಂದಲೂ ಶುರು ಮಾಡಿ ಎನ್ನುವುದು ನನ್ನ ಸಲಹೆ: ಶಾಲೆಯ ಸುತ್ತ ನಡೆದು ಬಂದು, ಬೇಕರಿ, ಬಾವಿ, ಅರಳಿಕಟ್ಟೆಗಳನ್ನು ಮರದ ತುಂಡುಗಳಿಂದ ಚಾಪೆಯ ಮೇಲೆ ಜೋಡಿಸುವುದು. ನಕ್ಷೆ ಎಂದರೆ ಮೇಲಿನಿಂದ ನೋಡಿದ ನಮ್ಮದೇ ಜಾಗ ಎಂದು ಅಲ್ಲಿ ತಿಳಿಯುತ್ತದೆ. ಕರ್ನಾಟಕದ ಒಗಟು ನಕ್ಷೆ ಕೊಳ್ಳುವಾಗ 31 ಜಿಲ್ಲೆಗಳಿವೆಯೇ ನೋಡಿ. 2021ರಲ್ಲಿ ಆದ ವಿಜಯನಗರ ಜಿಲ್ಲೆ ಹಳೆಯ ನಕ್ಷೆಗಳಲ್ಲಿಲ್ಲ. ಮಗು ತನ್ನ ಜಿಲ್ಲೆ, ಅಜ್ಜಿ ಊರಿನ ಜಿಲ್ಲೆ, ಸಮುದ್ರ ತಾಗುವ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಇಷ್ಟನ್ನು ಹಿಡಿ ಹಿಡಿದು ಎತ್ತಿ ಕೂರಿಸಿದರೆ ಸಾಕು. ಅತಿಥಿಗಳ ಮುಂದೆ ಮೂವತ್ತೊಂದನ್ನೂ ಒಪ್ಪಿಸುವುದು ನೆನಪಿನ ಪ್ರದರ್ಶನ, ಭೂಗೋಳವಲ್ಲ.

10. ಕಾಲ ಮತ್ತು ಹಬ್ಬ

ಹುಟ್ಟುಹಬ್ಬದ ಸುತ್ತು ಬಹಳಷ್ಟು ಮಾಂಟೆಸರಿ ತರಗತಿಗಳಲ್ಲಿದೆ. ನಡುವೆ ಸೂರ್ಯನ ಗುರುತು, ಸುತ್ತ ಹನ್ನೆರಡು ತಿಂಗಳ ಚೀಟಿಗಳು. ಮಗು ಗ್ಲೋಬು ಹಿಡಿದು ಸುತ್ತು ಬರುತ್ತದೆ. ಒಂದು ಸುತ್ತಿಗೆ ಒಂದು ವರ್ಷ, ಪ್ರತಿ ಸುತ್ತಿಗೂ ಆ ವಯಸ್ಸಿನ ಒಂದು ಫೋಟೊ, ಒಂದು ಮಾತು: "ಒಂದು ವರ್ಷಕ್ಕೆ ಇವಳು ನಡೆಯಲು ಕಲಿತಳು." ನಾಲ್ಕು ವರ್ಷದವಳು ನಾಲ್ಕೇ ಸುತ್ತು ಬರುತ್ತಾಳೆ. ದೀಪ ಇಟ್ಟರೆ ಲಂಗ, ಜಡೆಗಳ ಭಯ. ಹಳದಿ ಬಟ್ಟೆಯ ಸೂರ್ಯನೇ ಕ್ಷೇಮ. ಫೋಟೊ ಕಳಿಸಲು ಪೋಷಕರಿಗೆ ಒಂದು ವಾರ ಮುಂಚೆ ಹೇಳಿ.

ಹಬ್ಬಗಳನ್ನು ಚಿತ್ರ ತೋರಿಸಿ ವಿವರಿಸುವ ಬದಲು ಮಾಡುವ ಕೆಲಸದಿಂದ ತನ್ನಿ: ಯುಗಾದಿಗೆ ಬೇವು-ಬೆಲ್ಲ ಅರೆಯುವುದು, ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆಸುವುದು, ರಂಜಾನ್ ಹೊತ್ತಿಗೆ ಖರ್ಜೂರ ಬಿಡಿಸಿ ತಟ್ಟೆಗೆ ಜೋಡಿಸುವುದು, ಕ್ರಿಸ್‌ಮಸ್‌ಗೆ ಕಾಗದದ ನಕ್ಷತ್ರ ಮಡಿಸುವುದು. ಕೊಬ್ಬರಿ ಹೆಚ್ಚುವ ಕೆಲಸಕ್ಕೆ ಮೊಂಡು ಚಾಕು ಸಾಕು. ಇಡೀ ಕಡಲೆಬೀಜ ಚಿಕ್ಕವರ ಗಂಟಲಿಗೆ ಸಿಕ್ಕಬಹುದು, ಒಡೆದು ಪುಡಿ ಮಾಡಿ ಬಳಸಿ. ಕಡಲೆಬೀಜ, ಎಳ್ಳು ಒಗ್ಗದ ಮಕ್ಕಳಿದ್ದಾರೆಯೇ ಎಂದು ಪೋಷಕರನ್ನು ಮೊದಲೇ ವಿಚಾರಿಸಿ. ತರಗತಿಯಲ್ಲಿರುವ ಪ್ರತಿ ಮಗುವಿನ ಮನೆಯ ಒಂದು ಹಬ್ಬವಾದರೂ ವರ್ಷದಲ್ಲಿ ಒಮ್ಮೆ ಕಪಾಟಿಗೆ ಬರಬೇಕು. ಪಟ್ಟಿಯನ್ನು ಜೂನ್‌ನಲ್ಲೇ ಮಾಡಿಟ್ಟುಕೊಳ್ಳಿ.

11. ಎಲೆ, ಬೀಜ, ಹುಳು

ಎಲೆಯ ಆಕಾರದ ಮರದ ಅಚ್ಚುಗಳು ಸಿಗುತ್ತವೆ. ಅವಕ್ಕೂ ಮೊದಲು ನಿಜವಾದ ಅರಳಿ, ಬೇವು, ಹುಣಸೆ, ಬಾಳೆ, ವೀಳ್ಯದೆಲೆ. ಸೋಮವಾರ ಹೊಸದು ತಂದು ಶನಿವಾರ ತೆಗೆಯಿರಿ. ಒಣಗಿ ಧೂಳು ಹಿಡಿದ ಮೇಜನ್ನು ಯಾರೂ ನೋಡುವುದಿಲ್ಲ. ಎಕ್ಕ, ಕಣಗಿಲೆಗಳನ್ನು ಒಳಗೆ ತರಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆ ಪೂರ್ತಿ ವಿಷ.

12. ಎರಡು ಕಪಾಟುಗಳು ಸೇರುವ ಕಡೆ

ಐದು ದಾಟಿದ ಮಕ್ಕಳಿಗೆ ಇಲ್ಲಿ ನಮ್ಮ ಮನೆಗಳೇ ಮೆಟೀರಿಯಲ್. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಒಂದೊಂದಾಗಿ ಬೀಜ ಬಿಡುತ್ತ ಸಾಗುವಾಗ ಪ್ರತಿ ಗುಳಿಗೂ ಒಂದೇ ಬೀಜ ಎಂಬ ಶಿಸ್ತು ಕೈಗೆ ಹತ್ತುತ್ತದೆ. ಒಂದು, ಮೂರು, ಐದು, ಏಳು ಚುಕ್ಕಿಯ ರಂಗೋಲಿ ಇಡುವಾಗ ಬಿಲ್ಲೆಗಳಲ್ಲಿ ಕಂಡ ಬೆಸಸಂಖ್ಯೆ ನೆಲದ ಮೇಲೆ ಬರುತ್ತದೆ. ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ತರಿಸಿ. ಒಂದು ಸೇರಿಗೆ ಎಷ್ಟು ಪಾವು ಹಿಡಿಯುತ್ತದೆ ಎಂದು ರಾಗಿ ಸುರಿದು ಮಗುವೇ ಹೇಳಲಿ.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆಗಳು

*ಮುಂದಿನ ಹಂತಕ್ಕೆ ಯಾವಾಗ ಹೋಗಬೇಕು?* ನೀವು ಕರೆಯದೆ ಮಗು ತಾನೇ ಆ ಕೆಲಸ ತೆಗೆದುಕೊಂಡು, ಪೂರ್ತಿ ಮಾಡಿ, ಸ್ವಸ್ಥಾನದಲ್ಲಿ ಇಡುವುದನ್ನು ಹಲವು ಸಲ ಕಂಡ ಮೇಲೆ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಕೆಲಸ, ದಿನಾಂಕ, ಒಂದು ಸಾಲು ಬರೆದಿಡಿ: "ಏಳರಲ್ಲಿ ನಿಂತ, ಎಂಟಕ್ಕೆ ಮತ್ತೆ ಎಣಿಸಿದ." ಮೇಲೆ ಕೊಟ್ಟ ವಯಸ್ಸುಗಳು ಅಂದಾಜು. ನೋಟ್‌ಬುಕ್ಕಿನ ಆ ಸಾಲನ್ನು ಹೆಚ್ಚು ನಂಬಿ.

*ಪೋಷಕರು ಪುಸ್ತಕದಲ್ಲಿ ಬರೆಸಿ ಅನ್ನುತ್ತಾರಲ್ಲ?* ವಾದಕ್ಕೆ ಇಳಿಯಬೇಡಿ. ಒಂದು ಶನಿವಾರ ಅವರನ್ನೇ ಚಾಪೆಯ ಮೇಲೆ ಕೂರಿಸಿ, ಚಿನ್ನದ ಮಣಿಯಲ್ಲಿ 2758 ಮತ್ತು 1467 ಕೂಡಿಸಲು ಹೇಳಿ, ಬ್ಯಾಂಕಿಗೆ ಓಡಾಡಿಸಿ. 4225 ಬಂದ ಮೇಲೆ ಮಾತಾಡಿ.

*ಎಲ್ಲ ಒಟ್ಟಿಗೆ ಕೊಳ್ಳಲು ಹಣವಿಲ್ಲ, ಯಾವುದು ಮೊದಲು?* ಮೊದಲ ವರ್ಷ ಗುಲಾಬಿ ಗೋಪುರ, ಕೆಂಪು ಕೋಲು, ಸಂಖ್ಯಾ ಕೋಲು, ಖಂಡಗಳ ಒಗಟು ನಕ್ಷೆ ಕೊಳ್ಳಿ. ಮರಳು ಕಾಗದದ ಅಂಕಿ, ಕಡ್ಡಿ ಪೆಟ್ಟಿಗೆ, ಬಿಲ್ಲೆ, ಮಣ್ಣಿನ ತಟ್ಟೆಗಳನ್ನು ಬೇಸಿಗೆ ರಜೆಯಲ್ಲಿ ಮಾಡಿಕೊಳ್ಳಿ. ಮರಳು ಗ್ಲೋಬನ್ನು ಹಳೆಯ ಗ್ಲೋಬಿಗೆ ಗೋಂದು ಹಚ್ಚಿ, ನೆಲದ ಭಾಗಕ್ಕೆ ಜರಡಿ ಹಿಡಿದ ಮರಳು ಉದುರಿಸಿ ತಯಾರಿಸಬಹುದು. ಚಿನ್ನದ ಮಣಿ, ಸೆಗ್ವಿನ್ ಬೋರ್ಡುಗಳನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲ ವರ್ಷ ಬಂದ ಮೂರು ವರ್ಷದವರಿಗೆ ಅವು ಹೇಗೂ ಬೇಕಾಗುವುದು ಆ ಹೊತ್ತಿಗೇ.